ಮಾಸು ಕಸವಲ್ಲ

ಹೆರಿಗೆ ಆದ ಕೂಡಲೇ ಹಳ್ಳಿ ಕಡೆ ಕೇಳ್ತಾರೆ, 'ಕಸ ಬಿತ್ತಾ?' ಅಂತ. ತಿಂಗಳುಗಟ್ಟಲೆ ಮಗುವಿಗೆ ಉಸಿರು, ಊಟ ಎರಡನ್ನೂ ಕೊಟ್ಟ ಮಾಸಿಗೆ ನಾವಿಟ್ಟ ಹೆಸರು ಅದು!

ರಾಜಗೋಪಾಲನಗರದಲ್ಲಿ ಒಬ್ಬ ಹೆಣ್ಣುಮಗಳನ್ನ ಭೇಟಿಯಾಗಿದ್ದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ಮುಖ ಊದಿಕೊಂಡಿತು, ವಿಪರೀತ ತಲೆನೋವು. ಬಸುರೀಲಿ ಇದೆಲ್ಲ ಮಾಮೂಲಿ ಅಂದ್ರು ಮನೆಯವರು. ಬಿಪಿ ಏರಿ ಫಿಟ್ಸ್ ಬಂತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಆಕೆ ನನ್ನ ಕೇಳಿದ್ದು ಒಂದೇ ಮಾತು: 'ಸಾರ್, ಗ್ರಹಣದ ದಿನ ಡ್ಯೂಟಿಗೆ ಹೋಗಿದ್ದೆ. ಅದಕ್ಕೇ ಹಿಂಗಾಯ್ತು ಅಂತಾರೆ ನಮ್ಮತ್ತೆ. ಹೌದಾ?'

ಅಲ್ಲಮ್ಮ. ಈ ಕಾಯಿಲೆಗೆ ಪ್ರೀ-ಎಕ್ಲಾಂಪ್ಸಿಯಾ ಅಂತಾರೆ. ಇದರ ಬೇರು ಇರೋದು ಮಾಸಿನಲ್ಲಿ. ಗರ್ಭಕೋಶದ ಗೋಡೆಯಲ್ಲಿ ಸುರುಳಿಯಾಕಾರದ ಸಣ್ಣ ರಕ್ತನಾಳಗಳಿವೆ. ಮೊದಲ ತಿಂಗಳುಗಳಲ್ಲೇ ಮಾಸಿನ ಜೀವಕೋಶಗಳು ಅಲ್ಲಿಗೆ ನುಗ್ಗಿ, ಗಲ್ಲಿಯನ್ನ ದೊಡ್ಡ ರಸ್ತೆ ಮಾಡಿದ ಹಾಗೆ ಅವನ್ನ ಅಗಲ ಮಾಡ್ತವೆ. ಕೆಲವರಲ್ಲಿ ಈ ಕಾಮಗಾರಿ ಅರ್ಧಕ್ಕೇ ನಿಲ್ಲುತ್ತೆ. (ಅರ್ಧಕ್ಕೆ ನಿಂತ ರಸ್ತೆ ಹೇಗಿರುತ್ತೆ ಅಂತ ಬೆಂಗಳೂರಿನವರಿಗೆ ಹೇಳಬೇಕಾ?) ಯಾಕೆ ನಿಲ್ಲುತ್ತೆ ಅನ್ನೋದನ್ನ ವಿಜ್ಞಾನಿಗಳು ಇನ್ನೂ ಹುಡುಕ್ತಿದ್ದಾರೆ. ಆಮೇಲೆ ಏನಾಗುತ್ತೆ ಅನ್ನೋದು ಗೊತ್ತಾಗಿದೆ. ರಕ್ತ ಸಾಲದ ಮಾಸು, ತಾಯಿಯ ರಕ್ತಕ್ಕೆ ಒಂದು ಪ್ರೋಟೀನನ್ನ ಅತಿಯಾಗಿ ಸುರಿಯುತ್ತೆ. 2003ರಲ್ಲಿ ಬಾಸ್ಟನ್‌ನಲ್ಲಿ ನಮ್ಮ ಭಾರತ ಮೂಲದ ವೈದ್ಯ ಅನಂತ್ ಕರುಮಂಚಿ ಮತ್ತು ಸಂಗಡಿಗರು ಆ ಪ್ರೋಟೀನನ್ನ ಗಬ್ಬದ ಇಲಿಗಳಿಗೆ ಕೊಟ್ಟು ನೋಡಿದ್ರು. ಇಲಿಗಳ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು. ತಾಯಂದಿರಿಗೆ ಆಗೋದೂ ಅದೇ. ಕಿಡ್ನಿ, ಲಿವರ್, ಮೆದುಳು ಎಲ್ಲಕ್ಕೂ ಪೆಟ್ಟು. ಮಗುವಿನ ಜೊತೆ ಮಾಸು ಹೊರಬರೋ ತನಕ ಕಾಯಿಲೆ ಪೂರ್ತಿ ಬಿಡೋದಿಲ್ಲ.

ತಡೆಯೋಕಾಗುತ್ತಾ? ಸ್ವಲ್ಪಮಟ್ಟಿಗೆ ಆಗುತ್ತೆ. ಕ್ಯಾಲ್ಸಿಯಂ ಕಡಿಮೆ ತಿನ್ನೋ ದೇಶಗಳ ಬಸುರಿಯರಿಗೆ ದಿನಕ್ಕೆ 1500ರಿಂದ 2000 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಅಂದ್ರೆ ಮೂರು ದಪ್ಪ ಮಾತ್ರೆ. ಶಿಫ್ಟ್‌ಗೆ ಓಡೋ ಹೆಣ್ಣುಮಕ್ಕಳು ಎಷ್ಟು ಸಲ ನುಂಗ್ತಾರೆ? ನಮ್ಮದೇ ಊರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11,000 ಚೊಚ್ಚಲ ಬಸುರಿಯರಲ್ಲಿ ಇದನ್ನ ಪರೀಕ್ಷೆ ಮಾಡಿದ್ರು. ಟಾಂಜಾನಿಯಾದಲ್ಲೂ ಅಷ್ಟೇ ಜನ. 2024ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯ್ತು. 500 ಮಿಲಿಗ್ರಾಂ ತಗೊಂಡ ಬೆಂಗಳೂರಿನವರಲ್ಲಿ 3.0%, 1500 ತಗೊಂಡವರಲ್ಲಿ 3.6% ಜನಕ್ಕೆ ಈ ಕಾಯಿಲೆ ಬಂತು. ಅಂದ್ರೆ ಒಂದು ಮಾತ್ರೆ ಮೂರಕ್ಕಿಂತ ಕಡಿಮೆಯೇನಲ್ಲ. ಹಾಗಂತ ನೀವೇ ಮಾತ್ರೆ ಕಡಿಮೆ ಮಾಡ್ಕೋಬೇಡಿ, ಡಾಕ್ಟರ್ ಹೇಳಲಿ.

ಐದು ತಿಂಗಳ ನಂತರ ಬಿಪಿ 140/90 ಮುಟ್ಟಿದ್ರೆ, ತಲೆನೋವು, ಕಣ್ಣು ಮಂಜು ಬಂದ್ರೆ ನಾಳೆ ನೋಡೋಣ ಅನ್ನಬೇಡಿ.

ಆಕೆ ಈಗ ಮತ್ತೆ ಗರ್ಭಿಣಿ, ನಾಲ್ಕನೇ ತಿಂಗಳು. ಹಳೇ ತಾಯಿ ಕಾರ್ಡನ್ನೂ ಡಾಕ್ಟರಿಗೆ ತೋರಿಸಮ್ಮ ಅಂದಿದ್ದೆ. ತೋರಿಸಿದ್ದಾಳೆ. ಸಣ್ಣ ಡೋಸ್ ಆಸ್ಪಿರಿನ್ ಶುರು ಮಾಡಿದ್ದಾರಂತೆ. ಬಿಪಿ ಚೆಕ್ ಮಾಡಿಸೋಕೆ ಅತ್ತೆನೇ ಕರ್ಕೊಂಡು ಹೋಗ್ತಾರಂತೆ.