ನೆಟ್ಟಗೆ ನಿಂತ ಲೋಲಕ

ಗಟ್ಟಿ ಕಡ್ಡಿಯೊಂದರ ತುದಿಗೆ ಗುಂಡು ಸಿಕ್ಕಿಸಿ, ಅದು ಪೂರ್ತಿ ಸುತ್ತು ತಿರುಗಲು ಬರುವಂತೆ ತೂಗುಹಾಕಿದರೆ, ಆ ಲೋಲಕಕ್ಕೆ ನಿಶ್ಚಲವಾಗಿರಬಲ್ಲ ಎರಡು ನೆಲೆಗಳು ದೊರೆಯುತ್ತವೆ: ಗುಂಡು ಕೆಳಗೆ ಜೋತಿರುವುದು ಒಂದು, ಮೇಲೆ ನೆಟ್ಟಗೆ ನಿಂತಿರುವುದು ಇನ್ನೊಂದು. ಗಡಿಯಾರಕ್ಕೆ ಬೇಕಾದುದು ಮೊದಲನೆಯದಾದರೆ, ಇಲ್ಲಿನ ಗಣಿತಕ್ಕೆ ಬೇಕಾದುದು ಎರಡನೆಯದು.

ಕಡ್ಡಿಯ ತೂಕವನ್ನು ಬಿಟ್ಟು ಅದರ ಉದ್ದ 1 ಮೀಟರ್ ಎಂದಿಟ್ಟುಕೊಂಡರೆ, ನೆಟ್ಟಗಿನ ನೆಲೆಯಿಂದಾದ ಸಣ್ಣ ವಾಲಿಕೆ ಸುಮಾರು 0.22 ಸೆಕೆಂಡಿಗೊಮ್ಮೆ ಇಮ್ಮಡಿಯಾಗುತ್ತದೆ. ಹದವರಿತ ವೇಗದಿಂದ ಮೇಲಕ್ಕೆ ತಳ್ಳಿದ ಗುಂಡಾದರೋ ಅಷ್ಟೇ ಅವಧಿಗೊಮ್ಮೆ ಉಳಿದ ಅಂತರವನ್ನು ಅರ್ಧಕ್ಕಿಳಿಸುತ್ತ ಆ ನೆಲೆಯತ್ತ ತೆವಳುತ್ತದೆ. ಪ್ರತಿ 0.22 ಸೆಕೆಂಡಿಗೆ ಒಂದು ಚಿತ್ರ ತೆಗೆದು, ಒಂದು ಚಿತ್ರದ ಕೋನ ಮತ್ತು ವೇಗದಿಂದ ಮುಂದಿನ ಚಿತ್ರದವನ್ನು ಹೇಳುವ ನಿಯಮವನ್ನು ಬರೆದರೆ, ಅದು ಹಿಂದಕ್ಕೂ ಮುಂದಕ್ಕೂ ನಯವಾಗಿ, ಅಂದರೆ ಎಷ್ಟು ಬಾರಿ ಬೇಕಾದರೂ ಅವಕಲಿಸಬಹುದಾದಂತೆ, ನಡೆಯುವುದರಿಂದ ಅದನ್ನು ಡಿಫಿಯೊಮಾರ್ಫಿಸಂ ಎನ್ನುತ್ತಾರೆ. ನೆಟ್ಟಗಿನ ನೆಲೆ ಅದರ ಸ್ಥಿರಬಿಂದು. ಒಂದು ದಿಕ್ಕಿನಲ್ಲಿ 2ರಿಂದ ಗುಣಿಸಿ ಹಿಗ್ಗಿಸುವ, ಇನ್ನೊಂದರಲ್ಲಿ 1/2ರಿಂದ ಗುಣಿಸಿ ಕುಗ್ಗಿಸುವ ಈ ಬಿಂದುವಿನ ಸುತ್ತಣ ಪಥಗಳು ಅತಿಪರವಲಯಗಳನ್ನು ಹೋಲುವುದರಿಂದ ಅದು ಅತಿಪರವಲಯ ಬಿಂದು.

ಆದರೆ ಗುಂಡನ್ನು ವಾಲಿಸುವ ಬಲ ಅನುಸರಿಸುವುದು ಕೋನದ ಸೈನನ್ನು, ಆ ಸೈನ್ ಕೋನಕ್ಕೆ ಸಮನಲ್ಲ (10 ಡಿಗ್ರಿಯಲ್ಲೇ ಸುಮಾರು ಶೇ. 0.5 ವ್ಯತ್ಯಾಸವಿದೆ), ಹೀಗಾಗಿ ಆ ಎರಡು ಗುಣಕಗಳು ಬಿಂದುವಿನ ಹತ್ತಿರದ ಅಂದಾಜು ಮಾತ್ರ. ಅಳತೆಯ ಗೆರೆಗಳನ್ನೇ ಬಾಗಿಸಿಕೊಂಡು ನಿಯಮವನ್ನು ಬರಿಯ ಗುಣಾಕಾರವಾಗಿ ಓದಬಹುದೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಹಾಗೆ ಓದಿಸುವ ಅಳತೆ ಬದಲಾವಣೆಗೆ ಸಂಯುಗ್ಮತೆ ಎಂದು ಹೆಸರು. ಸಾಧ್ಯವೆಂದು 1959ರಲ್ಲಿ ಗ್ರೋಬ್ಮನ್, 1960ರಲ್ಲಿ ಹಾರ್ಟ್ಮನ್ ತೋರಿಸಿದರು. ಆದರೆ ಅವರ ಪ್ರಮೇಯ ಭರವಸೆ ಕೊಡುವುದು ಹರಿಯದ ಗೆರೆಗಳಿಗಷ್ಟೇ, ಸುಕ್ಕಿಲ್ಲದ ಗೆರೆಗಳಿಗಲ್ಲ.

ಸುಕ್ಕೂ ಇರಬಾರದೆಂದಾಗ ಅಂಕಗಣಿತ ಅಡ್ಡ ಬರುತ್ತದೆ. ಹಿಗ್ಗುವ ದಿಕ್ಕಿನ ದೂರವನ್ನು ಹಿಗ್ಗಳತೆ, ಕುಗ್ಗುವ ದಿಕ್ಕಿನದನ್ನು ಕುಗ್ಗಳತೆ ಎಂದು ಕರೆದರೆ, ನಿಯಮದಲ್ಲಿ ಬರಿಯ ಗುಣಾಕಾರವನ್ನು ಮೀರಿದ ಒಂದೊಂದು ಹೆಚ್ಚುವರಿ ಪದವನ್ನು ಅಳಿಸುವಾಗಲೂ ಗುಣಕಗಳ ಒಂದು ವ್ಯತ್ಯಾಸದಿಂದ ಭಾಗಿಸಬೇಕಾಗುತ್ತದೆ. ಹಿಗ್ಗಳತೆಯ ವರ್ಗವನ್ನು ಕುಗ್ಗಳತೆಯಿಂದ ಗುಣಿಸಿದ ಪದದ ಸರದಿ ಬಂದಾಗ 2×2×1/2 ಮತ್ತೆ 2 ಆಗಿಬಿಡುವುದರಿಂದ ಆ ವ್ಯತ್ಯಾಸ ಸೊನ್ನೆ. ಅನುರಣನೆ ಎಂಬುದು ಇದನ್ನೇ. ಅನುರಣನೆ ಇಲ್ಲದಿದ್ದರೆ ನಯವಾದ ಸಂಯುಗ್ಮತೆ ಖಚಿತವೆಂದು ಶ್ಲೋಮೊ ಸ್ಟರ್ನ್‌ಬರ್ಗ್ 1950ರ ದಶಕದ ಕೊನೆಯಲ್ಲಿ ಸಾಧಿಸಿದ್ದರೂ, ಘರ್ಷಣೆಯಿಲ್ಲದ ಲೋಲಕಕ್ಕೆ ಆ ಭಾಗ್ಯವಿಲ್ಲ: ಮೂರು ಬಾರಿ ಅವಕಲಿಸಬಹುದಾದ ಯಾವ ಬದಲಾವಣೆಯೂ ಆ ಪದವನ್ನು ಅಳಿಸಲಾರದು.

ಅಳಿಸಲಾಗದ್ದನ್ನು ಮಾತ್ರ ಉಳಿಸಿಕೊಂಡ ಅತಿ ಸರಳ ರೂಪವೇ ಪ್ರಮಾಣರೂಪ. ಲೋಲಕದ ಪ್ರಮಾಣರೂಪದಲ್ಲಿ ಗುಣಕ 2 ಎಂದು ಸ್ಥಿರವಾಗಿರದೆ, ಹಿಗ್ಗಳತೆ-ಕುಗ್ಗಳತೆಗಳ ಗುಣಲಬ್ಧವನ್ನು ಅವಲಂಬಿಸಿರುತ್ತದೆ. ಕ್ಷೇತ್ರಫಲವನ್ನು ಕಾಪಾಡುವ ಇಂಥ ನಿಯಮಗಳಲ್ಲಿ ಈ ರೂಪಕ್ಕೊಯ್ಯುವ ಶ್ರೇಣಿ ನಿಜವಾಗಿಯೂ ಒಮ್ಮುಖವಾಗುತ್ತದೆಂದು ಯೂರ್ಗೆನ್ ಮೋಸರ್ 1956ರಲ್ಲೇ ತೋರಿಸಿದ್ದರು. ಆ ಗುಣಲಬ್ಧ ಬರಿಯ ಸಂಕೇತವೂ ಅಲ್ಲ. ಅದು ಶಕ್ತಿಯ ಲೆಕ್ಕ, ಗುಂಡು ನೆತ್ತಿಯನ್ನು ದಾಟುವುದೋ ಹಿಂದಿರುಗುವುದೋ ಎಂಬುದನ್ನು ಅದರ ಧನ-ಋಣ ಚಿಹ್ನೆಯೇ ಹೇಳುತ್ತದೆ.

ವಿಚಿತ್ರವೆಂದರೆ, ಯಂತ್ರ ಮಾಡುವವರು ಶತ್ರುವೆಂದು ಕಾಣುವ ಘರ್ಷಣೆ ಇಲ್ಲಿ ಮಿತ್ರ. ತಿರುಗಣೆ ತುಸು ಬಿಗಿಯಾಗಿದ್ದು ವೇಗಕ್ಕೆ ತಕ್ಕ ತಡೆಯೊಡ್ಡಿದರೆ ಕುಗ್ಗುವ ದರ ಹಿಗ್ಗುವ ದರವನ್ನು ಮೀರುತ್ತದೆ, ಎರಡು ಗುಣಕಗಳ ಗುಣಲಬ್ಧ 1ಕ್ಕಿಂತ ಕಡಿಮೆಯಾಗುತ್ತದೆ, ಆ ಮೊಂಡು ಪದವೂ ಅಳಿಸಿಹೋಗುತ್ತದೆ. ದರಗಳ ಅನುಪಾತ ಭಾಗಲಬ್ಧವಲ್ಲದಿದ್ದರೆ ಲೋಲಕವು ನಯವಾಗಿ ಶುದ್ಧ ಗುಣಾಕಾರಕ್ಕಿಳಿಯುತ್ತದೆ. ಆದರೆ, ಉದಾಹರಣೆಗೆ, ಕುಗ್ಗುವ ದರ ಹಿಗ್ಗುವ ದರದ ಸರಿಯಾಗಿ 3 ಪಟ್ಟಾದರೆ, ಹಿಗ್ಗಳತೆಯ ನಾಲ್ಕನೆಯ ಘಾತವನ್ನು ಕುಗ್ಗಳತೆಯಿಂದ ಗುಣಿಸಿದ ಇನ್ನೊಂದು ಪದ ಅದೇ ಹಟ ಹಿಡಿಯಬಹುದು.