ಮಕ್ಕಳ ಅಳತೆಯ ತರಗತಿ



ವಾರಾಂತ್ಯದ ಕನ್ನಡ ತರಗತಿಯಲ್ಲಿ ಮಕ್ಕಳು ಒಂದೆಡೆ ಕೂರುವುದಿಲ್ಲವೆಂಬುದು ಅನೇಕ ತಾಯಿತಂದೆಯರ ಕೊರಗು. ರೋಗಿಯನ್ನು ನೋಡುವಾಗ ಅವನ ಮನೆಮಾರನ್ನೂ ವಿಚಾರಿಸುವುದು ವೈದ್ಯರಾದ ನಮ್ಮ ರೂಢಿ. ಹಾಗೆಯೇ ಮಗುವನ್ನು ದೂರುವ ಮೊದಲು ಕೋಣೆಯನ್ನು ಪರೀಕ್ಷಿಸೋಣ.

1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದ ಮರಿಯಾ ಮಾಂಟೆಸ್ಸೊರಿಯವರೂ ವೈದ್ಯೆಯೇ. ಮೊದಮೊದಲು ಅಲ್ಲಿನ ಸಾಮಗ್ರಿಗಳಿದ್ದುದು ಬೀಗ ಹಾಕಿದ ಬೀರುವಿನಲ್ಲಿ. ಒಮ್ಮೆ ಶಿಕ್ಷಕಿ ಬೀಗ ಹಾಕಲು ಮರೆತು, ಮರುದಿನ ತಡವಾಗಿ ಬಂದು ನೋಡಿದಾಗ, ಮಕ್ಕಳು ಬೇಕಾದುದನ್ನು ತಾವೇ ಆರಿಸಿಕೊಂಡು ಕೆಲಸದಲ್ಲಿ ಮಗ್ನರಾಗಿದ್ದರು. ಆ ಬಳಿಕ ಮಕ್ಕಳ ಕೈಗೆಟಕುವ ತೆರೆದ ಕಪಾಟುಗಳು ಬಂದವು.

ಬಾಡಿಗೆಯ ಸಭಾಂಗಣದಲ್ಲಿಯೂ ಇದು ಸಾಧ್ಯ. ಕುಳಿತ ಮಗುವಿನ ಪಾದ ನೆಲ ಮುಟ್ಟಬೇಕು. ತಕ್ಕ ಕುರ್ಚಿಯಿಲ್ಲದಿದ್ದರೆ ಚಾಪೆಯೇ ಲೇಸು. ತಗ್ಗಿನ ಹಲಗೆಯ ಮೇಲೆ ಸಾಮಗ್ರಿಗಳ ತಟ್ಟೆಗಳನ್ನು ಪ್ರತಿ ವಾರವೂ ಅದೇ ಕ್ರಮದಲ್ಲಿ ಜೋಡಿಸೋಣ. ಪ್ರತಿಯೊಂದೂ ಒಂದೊಂದೇ ಇರಲಿ. ಸರದಿಗೆ ಕಾಯುವುದನ್ನು ಮಗು ಅದರಿಂದ ಕಲಿಯುತ್ತದೆ. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳನ್ನು ಬೆರಳಿನಿಂದ ತಿದ್ದಿಸೋಣ. ಮರಳಿನ ಮೇಲೆ ತಿದ್ದಿ ಕಲಿತ ನಮ್ಮ ಹಿರಿಯರಿಗೆ ಇದು ಪರಿಚಿತ ಮಾರ್ಗವೇ. ಎಣಿಕೆಗೆ ಹುಣಸೆಬೀಜ ಒಳ್ಳೆಯದು. ಆದರೆ 3 ವರ್ಷದೊಳಗಿನ ತಮ್ಮತಂಗಿಯರ ಕೈಗೆ ಅದು ಸಿಗಕೂಡದು, ಶ್ವಾಸನಾಳದಲ್ಲಿ ಸಿಕ್ಕಿಕೊಂಡೀತು.

ನಮ್ಮ ಮಕ್ಕಳಿಗೆ ಕನ್ನಡ ಓದಲು ದೊರೆಯುವುದು ವಾರಕ್ಕೆ ಒಂದೆರಡು ಗಂಟೆ. ಅದೂ ಶಿಕ್ಷೆಯೆನಿಸಿದರೆ, ಊರಿನ ಅಜ್ಜಿಯ ಕಾಗದವನ್ನು ನಾಳೆ ಅವರಿಗೆ ಓದಿಹೇಳುವವರು ಬೇಕಾದೀತು. ಆದುದರಿಂದ ಪ್ರತಿ ವಾರವೂ ನಾಲ್ವರು ಪೋಷಕರು ಅರ್ಧ ಗಂಟೆ ಮುಂಚಿತವಾಗಿ ಬಂದು ಕೋಣೆಯನ್ನು ಸಜ್ಜುಗೊಳಿಸಬೇಕೆಂಬುದು ನಮ್ಮ ವಿನಂತಿ.