ಯುದ್ಧದ ಗಾಯಕ್ಕೆ ಊರವರದೇ ಆರೈಕೆ

ಶ್ರೀಲಂಕಾದಲ್ಲಿ 1983ರಲ್ಲಿ ಶುರುವಾದ ಅಂತರ್ಯುದ್ಧ 2009ರ ಮೇ ತಿಂಗಳಲ್ಲಿ ಮುಗಿಯಿತು. ಆ ಹೊತ್ತಿಗೆ ಉತ್ತರದ ವನ್ನಿ ಪ್ರದೇಶದ ಸುಮಾರು 3 ಲಕ್ಷ ಜನ ನಿರಾಶ್ರಿತರಾಗಿದ್ದರು. ಬಿದ್ದ ಮನೆಯನ್ನು ಮತ್ತೆ ಕಟ್ಟಬಹುದು; ನೆರೆಹೊರೆಯ ನಂಬಿಕೆ, ಕಾಣೆಯಾದವರಿಗಾಗಿ ಕಾಯುವವರ ನೆಮ್ಮದಿ ಅಷ್ಟು ಸುಲಭವಾಗಿ ಮರಳುವುದಿಲ್ಲ.

ಜಾಫ್ನಾದ ಮನೋವೈದ್ಯ ದಯಾ ಸೋಮಸುಂದರಂ ಈ ನಷ್ಟವನ್ನು ಇಡೀ ಸಮುದಾಯಕ್ಕಾದ ಆಘಾತವೆಂದು ಗುರುತಿಸಿದರು. ಮನೋವೈದ್ಯರು ಬೆರಳೆಣಿಕೆಯಷ್ಟೇ ಇದ್ದುದರಿಂದ ಶಿಕ್ಷಕರು, ಗ್ರಾಮಾಧಿಕಾರಿಗಳು, ಆರೋಗ್ಯ ಕಾರ್ಯಕರ್ತರಂಥ ಸ್ಥಳೀಯರಿಗೇ ತರಬೇತಿ ನೀಡುವ ದಾರಿ ಅಲ್ಲಿ ಬೆಳೆಯಿತು.

ಇಂಥ ತರಬೇತಿಯ ಮೊದಲ ಪಾಠ ಆಲಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಹೆಜ್ಜೆಗಳನ್ನು ಹೇಳುತ್ತದೆ: ಪರಿಸ್ಥಿತಿಯನ್ನು ಗಮನಿಸುವುದು, ಮಾತು ಕೇಳಿಸಿಕೊಳ್ಳುವುದು, ಅಗತ್ಯ ನೆರವಿನೊಂದಿಗೆ ಜೋಡಿಸುವುದು. ನೋವಿನ ಕಥೆಯನ್ನು ಒತ್ತಾಯದಿಂದ ಹೇಳಿಸಬಾರದು ಎಂಬುದು ಮುಖ್ಯ ನಿಯಮ.

ಎರಡನೆಯ ಪಾಠ ಊರಿನ ಬಲವನ್ನು ಗುರುತಿಸುವುದು. ದೇವಸ್ಥಾನದ ಹಬ್ಬ, ತೀರಿಕೊಂಡವರ ಉತ್ತರಕ್ರಿಯೆ, ಮಹಿಳಾ ಸಂಘ, ಮಕ್ಕಳ ಆಟ ಇವೆಲ್ಲ ಚದುರಿದವರನ್ನು ಕೂಡಿಸುತ್ತವೆ. ಜೀವನೋಪಾಯ, ಜಮೀನಿನ ದಾಖಲೆಯಂಥ ವಿಷಯಗಳಲ್ಲಿ ಕಚೇರಿಗಳಿಗೆ ದಾರಿ ತೋರಿಸುವುದೂ, ತೀವ್ರವಾಗಿ ಬಳಲುವವರನ್ನು ವೈದ್ಯರ ಬಳಿ ಕಳಿಸುವುದೂ ತರಬೇತಿ ಪಡೆದ ಈ ಕಾರ್ಯಕರ್ತರ ಕೆಲಸ.

ಕಾರ್ಯಕರ್ತರಲ್ಲಿ ಹಲವರು ತಾವೇ ಯುದ್ಧದಲ್ಲಿ ನೊಂದವರು. ಆದ್ದರಿಂದ ಅವರಿಗೆ ವಿಶ್ರಾಂತಿ, ಅನುಭವಿಗಳ ಮಾರ್ಗದರ್ಶನ ಸಿಗುವಂತೆ ನೋಡಿಕೊಳ್ಳುವುದು ತರಬೇತಿಯ ಬಿಡಲಾಗದ ಭಾಗ.